ಸಿನಿಮಾದ ಎರಡನೆಯ ಹುಡುಗಿ

ಹುಳಿ ಮೊಸರಿನ ವಾಸನೆ ಬಂದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಹೋದ ವಾರ ವಿಶ್ರಾಮಬಾಗದ ಡೇರಿ ಅಂಗಡಿಯ ಮುಂದೆ ಕಾಲೇಜು ಹುಡುಗಿಯೊಬ್ಬಳ ಕೈಯಿಂದ ಮೊಸರಿನ ಪೊಟ್ಟಣ ಜಾರಿ ಒಡೆಯಿತು. ಹಿಂದೆ ನಿಂತಿದ್ದ ಹುಡುಗನ ಪ್ಯಾಂಟಿಗೆಲ್ಲ ಸಿಡಿಯಿತು. ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ನಕ್ಕುಬಿಟ್ಟ. ಅವಳೂ ನಕ್ಕಳು, ಅಂಗಡಿಯವನೂ ನಕ್ಕ. ನಾನೊಬ್ಬಳು ಮಾತ್ರ ಹಾಲಿನ ಚೀಲವನ್ನು ಎದೆಗವಚಿಕೊಂಡು, ಈ ಹುಡುಗನಿಗಾಗಿ ಯಾವುದೋ ಮನೆಯಲ್ಲಿ ಇನ್ನೊಬ್ಬಳು ತಲೆ ಬಾಚಿಕೊಂಡು ಕಾಯುತ್ತ ಕೂತಿಲ್ಲ ತಾನೇ ಎಂದು ಯೋಚಿಸುತ್ತ ನಿಂತುಬಿಟ್ಟೆ.

ಹಳೆಯ ಕಾಲದ ಪ್ರೇಮದ ಹಾಸ್ಯಚಿತ್ರಗಳನ್ನು ನೀವೂ ನೋಡಿರುತ್ತೀರಿ. ಹೀರೋ ಹೀರೋಯಿನ್ ಮೊದಲು ನಾಯಿ ಬೆಕ್ಕಿನಂತೆ ಜಗಳಾಡುತ್ತಾರೆ, ಹಾಡಿನ ಹೊತ್ತಿಗೆ ಮೆತ್ತಗಾಗುತ್ತಾರೆ, ಮಧ್ಯಂತರದ ಮೇಲೆ ಏನೋ ತಪ್ಪು ತಿಳಿದು ದೂರಾಗುತ್ತಾರೆ, ಕೊನೆಗೆ ಸೇರುತ್ತಾರೆ. ಅಂಥ ಪ್ರತಿ ಸಿನಿಮಾದಲ್ಲೂ ಎರಡನೆಯ ಹುಡುಗಿಯೊಬ್ಬಳು ಇರುತ್ತಾಳೆ, ಗಮನಿಸಿದ್ದೀರಾ? ಹೀರೋನ ಮನೆಯವರು ಗೊತ್ತು ಮಾಡಿದವಳು. ಒಳ್ಳೆಯವಳು, ನೋಡಲು ತಕ್ಕಮಟ್ಟಿಗೆ ಇರುವವಳು, ಹಾಡು ಮಾತ್ರ ಇಲ್ಲದವಳು. ಕೊನೆಯ ದೃಶ್ಯದಲ್ಲಿ ಅವಳೇ ಅವರಿಬ್ಬರ ಕೈ ಸೇರಿಸಿ, ಒಂದು ಬದಿಗೆ ಸರಿದು ಮುಗುಳ್ನಗುತ್ತಾಳೆ. ಆಮೇಲೆ ಅವಳು ಯಾವ ಬಸ್ಸು ಹಿಡಿದು ಮನೆಗೆ ಹೋದಳು ಎಂದು ಯಾರೂ ಕೇಳುವುದಿಲ್ಲ. ನನಗೆ ಗೊತ್ತು. ನಾನೇ ಅವಳು.

ನಾನು ಮಿರಜಿನವಳು. ಅಪ್ಪನದು ಮಾರ್ಕೆಟ್ಟಿನಲ್ಲಿ ಬೆಲ್ಲದ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ನನ್ನ ತಂಗಿ ಶೈಲಾ ನನಗಿಂತ ಸ್ವಲ್ಪ ಚಿಕ್ಕವಳು, ಸ್ವಲ್ಪ ಬೆಳ್ಳಗಿನವಳು, ಮಾತಿನಲ್ಲಿ ಮಾತ್ರ ನನಗಿಂತ ಬಹಳ ಮುಂದಿದ್ದವಳು. ನನ್ನನ್ನು ನೋಡಲು ವರನ ಕಡೆಯವರು ಬರುವುದು ಗೊತ್ತಾದಾಗ ಅವ್ವ ಮೊದಲು ಮಾಡಿದ ಕೆಲಸವೆಂದರೆ ಶೈಲಾಳನ್ನು ಸಲಗರೆಯ ಕಾಕಾನ ಮನೆಗೆ ಕಳಿಸಿದ್ದು. ‘ಅಕಿ ಮನ್ಯಾಗ ಇದ್ರ ಇಕಿನ್ನ ಯಾರು ನೋಡತಾರ?’ ಎಂದು ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದಳು. ಅವ್ವನಿಗೆ ಪಿಸುಮಾತು ಬರುತ್ತಿರಲಿಲ್ಲ.

ಆದರೆ ಶೈಲಾ ಸಲಗರೆಯಲ್ಲಿ ನಿಲ್ಲಬೇಕಲ್ಲ? ಬೇಸರವಾಯಿತೆಂದು, ಕಾಕಾನ ಹೆಂಡತಿ ಕಾಕು ಕೊಟ್ಟ ಮೊಸರಿನ ಗಡಿಗೆ ಹಿಡಿದುಕೊಂಡು, ಹುಡುಗನ ಕಡೆಯವರು ಬರುವ ದಿನವೇ ಮಿರಜಿನ ಬಸ್ಸು ಹತ್ತಿದಳು. ಅದೇ ಬಸ್ಸಿನಲ್ಲಿ ಆ ಕಡೆಯ ಒಂದು ಹಳ್ಳಿಯ ಶಾಲೆಯ ಮಾಸ್ತರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಿಟಕಿಯ ಬಳಿ ಕೂತಿದ್ದ.

‘ಏಳ್ರಿ, ಅದು ನನ್ನ ಸೀಟು. ಕರವಸ್ತ್ರ ಹಾಕಿ ಇಳದಿದ್ದೆ.’

‘ಕರವಸ್ತ್ರದ ಮ್ಯಾಲ ಹೆಸರು ಬರದೈತೇನು?’

ಮುಂದಿನ ತಿರುವಿನಲ್ಲಿ ಗಡಿಗೆ ಮಗುಚಿತು. ಅವಳು ಬೇಕೆಂದೇ ಮಗುಚಿದಳು ಎಂದು ಅವನೂ, ಅವನ ಮೊಳಕೈ ತಾಗಿತು ಎಂದು ಅವಳೂ ಇವತ್ತಿಗೂ ವಾದಿಸುತ್ತಾರೆ.

ಆ ಮಾಸ್ತರನೇ ನನ್ನನ್ನು ನೋಡಲು ಬರಬೇಕಾಗಿದ್ದ ಹುಡುಗ. ತಂದೆ ತಾಯಿ ಮೊದಲೇ ಬಂದು ಕೂತಿದ್ದರು. ಇವನು ಎದೆಯಿಂದ ಹೊಟ್ಟೆಯವರೆಗೆ ಮೊಸರಿನ ಕಲೆ ಹೊತ್ತು, ಹುಳಿ ವಾಸನೆ ಹೊಡೆಯುತ್ತ ಒಳಗೆ ಬಂದ. ನಾನು ಅವಲಕ್ಕಿಯ ತಟ್ಟೆ ತಂದೆ. ‘ಎಷ್ಟರ ತನಕ ಓದೀರಿ?’ ಎಂದು ಕೇಳಿದ. ನಾನಿನ್ನೂ ‘ಬಿ.ಎ.’ ಅನ್ನುತ್ತಿದ್ದೆ, ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶೈಲಾಳ ದನಿ ಕೇಳಿತು. ‘ಅವ್ವಾ, ಬಸ್ಸಿನ್ಯಾಗ ಒಬ್ಬ ಹುಚ್ಚಪ್ಯಾಲಿ ನನ್ನ ಮೊಸರೆಲ್ಲಾ ಚೆಲ್ಲಿಬಿಟ್ಟ ನೋಡು!’

ಒಳಗೆ ಬಂದವಳು ಅವನನ್ನು ನೋಡಿ ಕಲ್ಲಾದಳು. ಅವನು ಎದ್ದು ನಿಂತು ಕೈ ಮುಗಿದ.

‘ಆ ಹುಚ್ಚಪ್ಯಾಲಿ ನಾನ ರಿ.’

ಅಪ್ಪ ನಕ್ಕ. ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನಾನೂ ನಕ್ಕೆ. ಅವನು ನನ್ನ ಮನಸ್ಸಿಗೆ ಬಂದದ್ದೂ ಆ ಗಳಿಗೆಯಲ್ಲೇ. ಆದರೆ ಆ ಮಾತು ಅವನು ನನಗೆ ಹೇಳಿದ್ದಾಗಿರಲಿಲ್ಲ.

ಕೆಲವು ದಿನಗಳ ಮೇಲೆ ಮಧ್ಯಸ್ಥರು ಬಂದು ಕೆಮ್ಮಿದರು. ‘ಮನಿತನ ಪಸಂತ ಐತ್ರಿ. ಆದ್ರ ಹುಡುಗ ಸಣ್ಣಾಕಿನ್ನ ಕೇಳ್ಯಾನ.’ ಅಪ್ಪ ಎರಡೂ ಭಾಷೆಯಲ್ಲಿ ಬೈದ. ಶೈಲಾ ಊಟ ಬಿಟ್ಟು ಅತ್ತಳು, ‘ಅಕ್ಕನ ತಾಟು ಕಸಗೊಂಡು ನಾ ಉಣ್ಣಂಗಿಲ್ಲ’ ಎಂದಳು. ಅವಳ ಕಣ್ಣೀರು ಸುಳ್ಳಲ್ಲ, ಅದೇ ನನಗೆ ಕಷ್ಟವಾದದ್ದು. ಕೆಟ್ಟವಳಾಗಿದ್ದರೆ ಹಾಯಾಗಿ ದ್ವೇಷಿಸಬಹುದಿತ್ತು. ‘ಮಾಡ್ಕೋ ಹೋಗ. ನನಗಂತೂ ಆ ಮೊಸರು ಮೆತ್ತಿದ ಅಂಗಿ ನೋಡೇ ಸಾಕಾತು’ ಎಂದೆ. ನಮ್ಮ ಓಣಿಯವರೆಲ್ಲ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ದೊಡ್ಡ ಮನಸ್ಸಿನಲ್ಲಿ ಹೊಟ್ಟೆಕಿಚ್ಚಿಗೂ ಜಾಗ ದೊಡ್ಡದೇ ಇರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಹಿರಿಯವಳದು ಮುಗಿಯದೆ ಕಿರಿಯವಳದು ಆಗುವಂತಿಲ್ಲ. ಅವಸರದಲ್ಲಿ ನನಗೊಬ್ಬ ವರ ಸಿಕ್ಕ. ಸಾಂಗಲಿಯಲ್ಲಿ ಒಣದ್ರಾಕ್ಷಿಯ ವ್ಯಾಪಾರ. ಬಂದರು, ಅವಲಕ್ಕಿ ತಿಂದರು, ನನ್ನನ್ನು ಒಮ್ಮೆ ನೋಡಿದರು, ‘ಆತು’ ಎಂದರು. ಒಂದೇ ಮಂಟಪದಲ್ಲಿ ಎರಡು ಮದುವೆ. ಫೋಟೋದಲ್ಲಿ ಶೈಲಾ ಮತ್ತು ಮಾಸ್ತರ ಏನೋ ಕಿತ್ತಾಡುತ್ತ ನಗುತ್ತಿದ್ದಾರೆ. ನಾವಿಬ್ಬರು ಕ್ಯಾಮೆರಾ ನೋಡುತ್ತಿದ್ದೇವೆ.

ನಮ್ಮವರು ಒಳ್ಳೆಯವರು. ಅವರ ಮೇಲೆ ದೂರು ಹೇಳಿದರೆ ನನ್ನ ನಾಲಿಗೆಗೇ ನಾಚಿಕೆಯಾದೀತು. ಆದರೆ ಅವರ ಸಂಭಾಷಣೆಯೆಲ್ಲ ಆ ಮೊದಲ ದಿನದ ಒಂದೇ ಶಬ್ದದಲ್ಲಿ ನಡೆಯುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೇ? ಆತು. ಮಗನಿಗೆ ಪುಣೆಯಲ್ಲಿ ಕನ್ಯೆ ನೋಡೋಣವೇ? ಆತು. ಇಂಥ ಗಂಡನೊಡನೆ ಜಗಳಾಡುವುದೆಂದರೆ ಹತ್ತಿಯ ಮೂಟೆಗೆ ಗುದ್ದಿದ ಹಾಗೆ.

ಅತ್ತ ವಿಶ್ರಾಮಬಾಗದಲ್ಲಿ ಮನೆ ಮಾಡಿದ ಶೈಲಾ ಮತ್ತು ಮಾಸ್ತರರಿಗೆ ಭಾನುವಾರ ಊಟವಾದ ಮೇಲೆ ಹಳೆಯ ಸಿನಿಮಾ ನೋಡುವ ಚಟ. ಮೊದಲು ಕ್ಯಾಸೆಟ್ಟು ಬಾಡಿಗೆಗೆ ತರುತ್ತಿದ್ದರು, ಈಗ ಮಗಳು ಪಲ್ಲವಿ ಮೊಬೈಲಿನಿಂದ ಟಿವಿಗೆ ಹಾಕಿಕೊಡುತ್ತಾಳೆ. ಕಪ್ಪು ಬಿಳುಪಿನವೇ ಆಗಬೇಕು, ಹೀರೋ ಹೀರೋಯಿನ್ ಜಗಳಾಡಲೇಬೇಕು. ನಾನೂ ತಪ್ಪದೆ ಹೋಗುತ್ತೇನೆ. ಉರಿಯುತ್ತದೆಂದು ಗೊತ್ತಿದ್ದೂ ಹಸಿಮೆಣಸಿನಕಾಯಿ ಕಡಿಯುವವರಿಲ್ಲವೇ, ಹಾಗೆ. ನಮ್ಮವರಿಗೆ ಮಾತ್ರ ಭಾನುವಾರವೇ ಎಲ್ಲಿಂದಲೋ ಮಾಲು ಬರುವುದಿರುತ್ತದೆ.

ಇಷ್ಟು ವರ್ಷ ಅವನ್ನು ನೋಡಿದ ಮೇಲೆ, ಆ ಸಿನಿಮಾಗಳು ಯಾಕೆ ಹಳತಾಗುವುದಿಲ್ಲ ಎಂದು ನನಗೆ ಸ್ವಲ್ಪ ತಿಳಿದಿದೆ. ಅವುಗಳಲ್ಲಿ ಒಬ್ಬರು ಆಡಿದ ಮಾತಿಗೆ ಇನ್ನೊಬ್ಬರು ಕಿವಿಗೊಟ್ಟಿರುತ್ತಾರೆ. ಬೈಗುಳಕ್ಕಾದರೂ ಸರಿ, ಉತ್ತರ ಬಂದೇ ಬರುತ್ತದೆ. ಕೊಡೆ ಅದಲುಬದಲಾದದ್ದಕ್ಕೆ ಅವಳು ಅವನ ಮೇಲೆ ಹರಿಹಾಯುವಾಗ ಕತ್ತಲಲ್ಲಿ ಕೂತ ನಮ್ಮಂಥವರಿಗೆ ಅನಿಸುತ್ತದೆ: ನನ್ನ ಕೊಡೆಯ ಬಗ್ಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಂಡಿದ್ದರೆ!

ಇನ್ನೊಂದು ಸಂಕಟವೂ ಇತ್ತು. ಮಾಸ್ತರರು ಮನೆಗೆ ಬಂದವರಿಗೆಲ್ಲ ಮೊಸರಿನ ಕಥೆ ಹೇಳುತ್ತಾರೆ. ಮೊದಮೊದಲು ‘ಇಕಿ ಅಕ್ಕನ್ನ ನೋಡಾಕ ಹೊಂಟಿದ್ದೆ’ ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ ಅದು ‘ಒಂದು ಕನ್ಯಾ ನೋಡಾಕ’ ಆಯಿತು. ಈಚೆಗೆ ‘ಯಾರನ್ನೋ ನೋಡಾಕ’ ಆಗಿತ್ತು. ಎರಡನೆಯ ಹುಡುಗಿಯ ಪಾತ್ರ ಹೀಗೆ ನನ್ನ ಕಣ್ಣೆದುರಿಗೇ ಸವೆಯುತ್ತಿತ್ತು.

ಹೋದ ತಿಂಗಳು ಪಲ್ಲವಿಯ ಸಾಖರಪುಡಾ, ಅಂದರೆ ನಿಶ್ಚಯ, ಅವರ ಮನೆಯಲ್ಲೇ ಆಯಿತು. ನಮ್ಮವರು ಬರದೆ ಗತಿಯಿರಲಿಲ್ಲ. ಊಟದ ಮೇಲೆ ಬೀಗರೆಲ್ಲ ಕೂತಾಗ ಪಲ್ಲವಿ, ‘ಬಾಬಾ, ತುಮಚಿ ಸ್ಟೋರಿ ಸಾಂಗಾ ನಾ!’ ಎಂದು ಮೊಸರಿನ ಕಥೆಗಾಗಿ ಗಂಟು ಬಿದ್ದಳು. ಮಾಸ್ತರರಿಗೆ ಅಷ್ಟೇ ಸಾಕು.

‘ಅವತ್ತ ನಾ ಯಾರನ್ನೋ ನೋಡಾಕ ಹೊಂಟಿದ್ದೆ ನೋಡ್ರಿ...’

‘ಯಾರನ್ನೋ ಅಲ್ಲ.’

ಮೂಲೆಯ ಕುರ್ಚಿಯಿಂದ ಬಂದ ಆ ದನಿ ಯಾರದೆಂದು ತಿಳಿಯಲು ನನಗೇ ಹೊತ್ತು ಹಿಡಿಯಿತು.

‘ಇಕಿನ್ನ ನೋಡಾಕ ಹೊಂಟಿದ್ರಿ,’ ನಮ್ಮವರು ನನ್ನ ಕಡೆ ಕೈ ಮಾಡಿದರು. ‘ಹೆಸರು ಹಿಡದು ಹೇಳ್ರಿ ಮಾಸ್ತರ.’

ಮಾಸ್ತರರ ಕಿವಿ ಕೆಂಪಾದವು. ಶೈಲಾ ಎಲ್ಲರ ತಲೆಯ ಮೇಲಿಂದ ನನ್ನನ್ನೇ ನೋಡುತ್ತ, ಮೆಲ್ಲಗೆ, ‘ಹೌದು, ಅಕ್ಕನ್ನ’ ಎಂದಳು. ಮಾಸ್ತರರು ಮೊದಲಿನಿಂದ ಕಥೆ ಹೇಳಿದರು, ಈ ಸಲ ನನ್ನ ಹೆಸರು ಹಿಡಿದು. ‘ಅವಲಕ್ಕಿ ಛಲೋ ಆಗಿತ್ತು’ ಎಂದೂ ಸೇರಿಸಿದರು.

ಸಂಜೆ ಸ್ಕೂಟರಿನ ಮೇಲೆ ಸಾಂಗಲಿಗೆ ಹೊರಟೆವು. ಎದುರು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವರ ಬೆನ್ನಿಗೆ ಕೇಳಿದೆ.

‘ಭಾನುವಾರ ನಿಮಗ ಖರೇನ ಮಾಲು ಬರತಿತ್ತೇನ್ರಿ?’

‘ಇಲ್ಲ.’

‘ಮತ್ತ ಒಂದು ದಿನಾನೂ ಯಾಕ ಬರಲಿಲ್ಲ?’

ಎದುರಿನ ಬಸ್ಸಿಗೆ ದಾರಿ ಬಿಟ್ಟರು. ಆಮೇಲೆ, ‘ಆಂವ ನಿನ್ನ ನನಗಿಂತ ಮೊದಲ ನೋಡ್ಯಾನಲ್ಲ’ ಎಂದರು.

ನನಗೆ ಸರಿಯಾಗಿ ಕೇಳಲಿಲ್ಲವೆಂದೇ ಅನಿಸಿತು. ಸ್ಕೂಟರ್ ಬದಿಗೆ ನಿಲ್ಲಿಸಿರೆಂದೆ. ನಿಲ್ಲಿಸಿದರು.

‘ಆಂವ ನನ್ನ ಬ್ಯಾಡ ಅಂದಾನ್ರಿ!’

‘ಅದಕ್ಕ ಮತ್ತ ಸಿಟ್ಟು. ನೋಡಿ ಬ್ಯಾಡ ಅಂದಾನ. ನೀ ನೋಡಿದ್ರ ಪ್ರತಿ ಭಾನುವಾರ ಹೂಂ ಅಂತ ಅವನ ಮನಿಗೇ ಹೋಗ್ತಿ.’

‘ಇಷ್ಟು ವರ್ಷ ಹೇಳಬಾರದಿತ್ತೇನು?’

‘ನೀ ಕೇಳಬಾರದಿತ್ತೇನು?’

ಅಲ್ಲಿಂದ ಜಗಳ ಹತ್ತಿತು. ಮೊದಲ ಜಗಳ, ಆದ್ದರಿಂದ ಇಬ್ಬರಿಗೂ ರೂಢಿಯಿರಲಿಲ್ಲ, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದೆವು. ದಾರಿಹೋಕರು ನಿಂತು ನೋಡಿದರು. ನಾನು ಬಾಯಿಯಲ್ಲಿ ಬೈಯುತ್ತಿದ್ದೆ, ಒಳಗೆ ಮಾತ್ರ ಮನಸ್ಸು ಕುಣಿಯುತ್ತಿತ್ತು. ಇಷ್ಟು ವರ್ಷ ಸಾಂಗಲಿಯ ಒಂದು ಗೋದಾಮಿನಲ್ಲಿ, ಒಣದ್ರಾಕ್ಷಿಯ ಡಬ್ಬಿಗಳ ನಡುವೆ, ಒಬ್ಬ ಮನುಷ್ಯ ನನಗಾಗಿ ಹೊಟ್ಟೆ ಉರಿಸಿಕೊಂಡು ಕೂತಿದ್ದ!

ಈ ಭಾನುವಾರ ಶೈಲಾ ಫೋನ್ ಮಾಡಿದಳು, ಹೊಸದೊಂದು ಹಳೆಯ ಸಿನಿಮಾ ಸಿಕ್ಕಿದೆಯಂತೆ. ನಾನು ಕರೆಯದೆಯೇ ನಮ್ಮವರು ಚಪ್ಪಲಿ ಮೆಟ್ಟಿ ನಿಂತರು. ನಾನು ಕನ್ನಡಿಯ ಮುಂದೆ ಮಲ್ಲಿಗೆ ಮುಡಿಯುತ್ತಿದ್ದೆ.

‘ಟಿವಿ ನೋಡಾಕ ಮಲ್ಲಿಗಿ ಯಾಕ?’ ಎಂದರು, ಹುಬ್ಬು ಗಂಟಿಕ್ಕಿ.

ನಾನು ಇನ್ನೊಂದು ಮೊಳ ಮುಡಿದುಕೊಂಡೆ.