ಹೂವಪ್ಪನ ಐದು ಮಂದಿ

೧೯೬೨ರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಟ್ರಂಕು, ಹಾಸಿಗೆ ಸುರುಳಿಗಳೊಡನೆ ಸಾಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹೊಸನಗರದ ಹೈಸ್ಕೂಲಿಗೆ ಕನ್ನಡ ಉಪಾಧ್ಯಾಯನಾಗಿ ನೇಮಕವಾಗಿತ್ತು. ತೀರ್ಥಹಳ್ಳಿಯ ಬಸ್ಸಿನ ಕಂಡಕ್ಟರು ನನ್ನ ಟ್ರಂಕನ್ನು ಮೇಲಕ್ಕೇರಿಸಿ ಇಳಿದವನು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ.

"ಹೊಸ ಮೇಷ್ಟ್ರಾ? ಬ್ಯಾಸ್ಕೆಟ್‌ಬಾಲ್ ಆಡ್ತೀರಾ?"

"ಇಲ್ಲಪ್ಪ."

"ಇಷ್ಟುದ್ದ ಬೆಳೆದು ಮತ್ತೆಂತ ಮಾಡಿದ್ರಿ?"

ಬಸ್ಸಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವನೇ ಹೂವಪ್ಪ. ಸಾಗರದ ಹತ್ತಿರದ ಹಳ್ಳಿಯವನು. ಗೇಣಿ ಮಾಡುತ್ತಿದ್ದ ಮನೆತನದ ಹುಡುಗ. ಆಗ ಅವನಿಗೆ ಇಪ್ಪತ್ತೈದರ ಸುಮಾರು ವಯಸ್ಸು. ತಾನು ಎಂದೂ ಚೆಂಡು ಮುಟ್ಟಿದವನಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಊರುಗಳ ಆಟವನ್ನು ನೋಡುತ್ತಿದ್ದವನು ಅವನೊಬ್ಬನೇ. ಬಸ್ಸು ನಿಂತ ಹೊತ್ತಿನಲ್ಲಿ ಆಟದ ಬಯಲಿಗೆ ಓಡುತ್ತಿದ್ದ. ಡ್ರೈವರ್ ಜಯಪ್ಪ ಹಾರನ್ ಒತ್ತಿದ ಮೇಲೆ ಓಡಿ ಬರುತ್ತಿದ್ದ. ಹೀಗಾಗಿ ಮೂರೂ ಊರಿನವರು ಚಿಲ್ಲರೆಗಿಂತ ಮೊದಲು ಅವನ ಅಭಿಪ್ರಾಯವನ್ನು ಕೇಳುತ್ತಿದ್ದರು.

ಸಾಗರದಲ್ಲಿ ಗಣೇಶಮೂರ್ತಿ ಎಂಬ ಎತ್ತರದ ತರುಣನಿದ್ದ. ತೀರ್ಥಹಳ್ಳಿಯಲ್ಲಿ ಅಂಜನಪ್ಪ; ಕುಳ್ಳ, ಮಹಾ ಚುರುಕು. ಇವರಿಬ್ಬರಲ್ಲಿ ಯಾರು ಹೆಚ್ಚು ಎಂಬುದೇ ಆ ದಾರಿಯ ನಿತ್ಯದ ಚರ್ಚೆ. "ಗಣೇಶಮೂರ್ತಿ ಅಂದ್ರೆ ಲೋಡ್ ಲಾರಿ ಇದ್ದಂಗೆ. ಒಮ್ಮೆ ಹೊರಟ ಅಂದ್ರೆ ಎದುರಿಗೆ ಬಂದವರು ಚರಂಡಿಗೆ ಇಳೀಬೇಕು" ಎಂದು ಹೂವಪ್ಪ ಸಾಗರದಲ್ಲಿ ಹೇಳುತ್ತಿದ್ದ. "ಅಂಜನಪ್ಪ ಅವನ ಮುಂದೆ ಎಂತದೂ ಅಲ್ಲ."

ಒಂದು ಶನಿವಾರ ನಾನು ಅದೇ ಬಸ್ಸಿನಲ್ಲಿ ತೀರ್ಥಹಳ್ಳಿಯವರೆಗೆ ಹೋದೆ. ಅಲ್ಲಿ ಅದೇ ಬಾಯಿ, "ಅಂಜನಪ್ಪ ಜೀಪು ಕಣ್ರೋ. ಎಲ್ಲಿ ಬೇಕಾದ್ರೂ ನುಗ್ತಾನೆ. ಆ ಗಣೇಶಮೂರ್ತಿಗೆ ತಿರುಗೋಕೇ ಅರ್ಧ ಫರ್ಲಾಂಗ್ ಜಾಗ ಬೇಕು" ಎನ್ನುತ್ತಿತ್ತು.

ಹಿಂದಿರುಗುವಾಗ ನಾನು ಕೇಳಿದೆ: "ಹೂವಪ್ಪ, ಇದೇನಯ್ಯಾ ಎರಡು ನಾಲಿಗೆ?"

"ಮೇಷ್ಟ್ರೇ, ನಾನು ಟಿಕೆಟ್ ಹರಿಯೋನು. ಊರಿನೋರ ಮನಸ್ಸು ಮುರಿದು ಬಸ್ ಓಡ್ಸಕ್ಕಾಗ್ತದಾ?" ಎಂದು ನಕ್ಕ. ಆಮೇಲೆ ನನ್ನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದ: "ಖರೇ ಹೇಳ್ಲಾ? ಸಾಗರದೋರು ಇಬ್ರು, ತೀರ್ಥಳ್ಳಿಯೋರು ಇಬ್ರು, ನಿಮ್ಮೂರಿನ ಕೆರಿಯಪ್ಪ ಒಬ್ಬ. ಈ ಐದು ಜನ ಒಂದೇ ಕಡೆ ಆಡೋದನ್ನ ಒಂದ್ಸಲ ನೋಡ್ಬೇಕು. ಭದ್ರಾವತಿಯೋರು ಆಮೇಲೆ ಚೆಂಡು ಹುಡುಕ್ಕೊಂಡು ತಿರುಗ್ಬೇಕು."

ಭದ್ರಾವತಿಯ ತಂಡವು ಜಿಲ್ಲೆಯಲ್ಲಿ ವರ್ಷ ವರ್ಷವೂ ಗೆಲ್ಲುತ್ತಿದ್ದ ಕಾಲವದು; ನಮ್ಮ ಕಡೆಯ ಊರುಗಳಿಂದ ಆ ಪಂದ್ಯಗಳಿಗೆ ತಂಡವೇ ಹೋಗುತ್ತಿರಲಿಲ್ಲ.

ಹೂವಪ್ಪನ ಆಸೆ ೧೯೬೬ರಲ್ಲಿ ಕೈಗೂಡುವಂತೆ ಕಂಡಿತು. ಶಿವಮೊಗ್ಗದ ದಸರಾ ಪಂದ್ಯಗಳಿಗೆ ನಮ್ಮ ಮೂರು ತಾಲೂಕುಗಳಿಗೂ ಸೇರಿ ಒಂದೇ ತಂಡವನ್ನು ಕಳುಹಿಸಬೇಕೆಂದಾಯಿತು. ಉಸ್ತುವಾರಿ ನನ್ನ ಪಾಲಿಗೆ ಬಂತು. ಆಟ ತಿಳಿಯದ ನಾನು ಹೂವಪ್ಪನು ಹೇಳಿದ ಐವರನ್ನೇ ಆರಿಸಿದೆ. ಬಸ್ಸಿನ ಮಾಲೀಕರು ಒಂದು ದಿನಕ್ಕೆ ಬಸ್ಸನ್ನೇ ಕೊಟ್ಟರು. ಸಾಗರದವರು ಮೊದಲು ಹತ್ತಿದರು; ಹೊಸನಗರದಲ್ಲಿ ನಾನೂ ಕೆರಿಯಪ್ಪನೂ; ತೀರ್ಥಹಳ್ಳಿಯಲ್ಲಿ ಉಳಿದವರು. ಜೊತೆಗೆ ಊರೂರಿನ ಅಭಿಮಾನಿಗಳು.

ತುಂಗೆಯ ಬದಿಯ ರಸ್ತೆಯಲ್ಲಿ ಬಸ್ಸು ಸಾಗುತ್ತಿದ್ದಾಗ ಯಾರೋ ನಾಯಕನ ಮಾತೆತ್ತಿದರು.

"ನಮ್ಮ ಗಣೇಶಮೂರ್ತಿ ಅಲ್ದೆ ಮತ್ಯಾರು? ಅಂಜನಪ್ಪ ಅವನ ಮುಂದೆ ಎಂತದೂ ಅಲ್ಲ ಅಂತ ಹೂವಪ್ಪನೇ ಹೇಳಿದಾನೆ" ಎಂದರು ಸಾಗರದವರೊಬ್ಬರು.

"ಯಾವ ಹೂವಪ್ಪ? ಈ ಹೂವಪ್ಪನಾ? ನಮ್ಮ ಹತ್ರ ಬೇರೆ ಹೇಳಿದಾನಲ್ಲ ಮಾರಾಯ್ರೇ" ಎಂದರು ತೀರ್ಥಹಳ್ಳಿಯವರು.

ಜೀಪು, ಅರ್ಧ ಫರ್ಲಾಂಗಿನ ಮಾತುಗಳೂ ಹೊರಬಿದ್ದು ಬಸ್ಸಿನ ತುಂಬ ಗದ್ದಲವೆದ್ದಿತು. ಮಂಡಗದ್ದೆಯಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಅಂಜನಪ್ಪನು ತನ್ನ ಚೀಲವನ್ನು ತೆಗೆದುಕೊಂಡು ಇಳಿದುಬಿಟ್ಟ. "ಎಂತದೂ ಅಲ್ಲದವನು ಆಡಿ ಎಂತ ಮಾಡೋದು? ತಿರುಗಿ ಹೋಗೋ ಬಸ್ಸಿಗೆ ಹೋಗ್ತೀನಿ" ಎಂದ. ಅವನೂರಿನ ಜೊತೆಗಾರನೂ ಇಳಿದ. ಗಣೇಶಮೂರ್ತಿಯು ಕಿಟಕಿಯಿಂದಲೇ, "ಹೋಗ್ಲಿ ಬಿಡಿ. ತಿರುಗೋಕೆ ನಂಗೂ ಜಾಗ ಸಿಗ್ತದೆ" ಎಂದ.

ಹೂವಪ್ಪನ ಮುಖ ಬಾಡಿ ಹೋಗಿತ್ತು. ಅವನು ವರ್ಷಗಟ್ಟಲೆ ಮನಸ್ಸಿನಲ್ಲೇ ಕಟ್ಟಿಕೊಂಡ ತಂಡವು ಒಂದು ಆಟವನ್ನೂ ಆಡದೆ, ಅವನ ಮಾತಿನಿಂದಲೇ, ನಡುದಾರಿಯಲ್ಲಿ ಒಡೆಯುತ್ತಿತ್ತು. ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತ.

"ನಾನು ಹೇಳಿದ್ದು ಹೌದು. ಎರಡೂ ಕಡೆ ಹೇಳಿದೀನಿ. ನಿಮಗೆ ಕೇಳಿ ಖುಷಿ ಆಗ್ಲಿ ಅಂತ ಹೇಳಿದ್ದು. ಖರೇ ಎಂತ ಅಂದ್ರೆ, ನಂಗೆ ಗೊತ್ತಿಲ್ಲ."

"ಇಷ್ಟು ವರ್ಷ ಬೊಗಳೆ ಬಿಟ್ಟು ಈಗ ಗೊತ್ತಿಲ್ಲ ಅಂತೀಯಲ್ಲೋ" ಎಂದ ಜಯಪ್ಪ.

"ಹೆಂಗೆ ಗೊತ್ತಾಗ್ಬೇಕು ಜಯಪ್ಪಣ್ಣ? ಸಾಗರದ್ದು ಜಂಬಿಟ್ಟಿಗೆ ಕಲ್ಲಿನ ಗಟ್ಟಿ ನೆಲ. ಚೆಂಡು ಎದೆ ಮಟ್ಟ ಎದ್ದು ಬರ್ತದೆ, ಬಡೀತಾ ಓಡ್ಬೋದು. ತೀರ್ಥಳ್ಳೀದು ಹೊಳೆ ದಂಡೆ ಮರಳು. ಅಲ್ಲಿ ಚೆಂಡು ಬಿದ್ರೆ ಬಿದ್ದಲ್ಲೇ. ಕೈಯಿಂದ ಕೈಗೇ ಕೊಡ್ಬೇಕು. ಇಬ್ರೂ ಒಂದೇ ನೆಲದ ಮೇಲೆ ಆಡಿದ್ದನ್ನ ನಾನು ನೋಡೇ ಇಲ್ಲ. ಯಾರೂ ನೋಡಿಲ್ಲ."

ಅವನು ಹಿಂದಿನ ಸೀಟಿನಿಂದ ಚೆಂಡನ್ನು ತಂದು ಟಾರು ರಸ್ತೆಯ ಮೇಲೆ ಬಡಿದ.

"ಈ ನೆಲ ಯಾರಪ್ಪಂದೂ ಅಲ್ಲ. ನೀವಿಬ್ರೂ ಒಂದು ಕಡೆ. ಉಳಿದ ಮೂವರು ಒಂದು ಕಡೆ. ಚೆಂಡನ್ನ ಅವರಿಗೆ ಸಿಗದಂಗೆ ಇಟ್ಕೊಳ್ಳಿ, ನೋಡೋಣ. ಆಮೇಲೂ ಹೋಗ್ತೀನಿ ಅಂದ್ರೆ ಹೋಗು ಅಂಜನಪ್ಪ, ನಾನೇ ಬಸ್ ನಿಲ್ಸಿ ಹತ್ತಿಸ್ತೀನಿ."

ಅಂಜನಪ್ಪ ಚೀಲವನ್ನು ಕೆಳಗಿಡಲಿಲ್ಲ. ನಮ್ಮ ಕೆರಿಯಪ್ಪನು ಮೆಲ್ಲಗೆ ಅವನ ಕೈಯಿಂದ ಅದನ್ನು ತೆಗೆದುಕೊಂಡು ನನಗೆ ಕೊಟ್ಟ. ಗಣೇಶಮೂರ್ತಿಯು ಗೊಣಗುತ್ತಲೇ ಇಳಿದ.

ಮೊದಲು ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಆಡಿದರು. ಚೆಂಡು ಎರಡು ಸಲ ಕೆರಿಯಪ್ಪನ ಪಾಲಾಯಿತು. ಮೂರನೆಯ ಸಲ ಮೂವರೂ ಮುತ್ತಿದಾಗ ಅಂಜನಪ್ಪನು ಬೇರೆ ದಾರಿ ಕಾಣದೆ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದ. ಅಲ್ಲಿ ಗಣೇಶಮೂರ್ತಿಯ ಕೈಗಳು ಆಗಲೇ ಮೇಲೆದ್ದಿದ್ದವು. ಅಲ್ಲಿಂದ ಮುಂದೆ ಚೆಂಡು ಆ ಮೂವರ ಕೈಗೆ ಸಿಗಲೇ ಇಲ್ಲ. ಬೈಯುತ್ತಿದ್ದ ಜನ ಕಾಫಿಯ ಲೋಟಗಳನ್ನು ಹಿಡಿದು ರಸ್ತೆಯ ಎರಡು ಬದಿಗೂ ನಿಂತರು. ಎದುರಿನಿಂದ ಬಂದ ಗಾಡಿಯವನೊಬ್ಬನು ಎತ್ತುಗಳನ್ನು ನಿಲ್ಲಿಸಿ ನೋಡತೊಡಗಿದ.

"ಇನ್ನೂ ಮೇಲೆ ಕೊಡೋ. ಅಲ್ಲಿ ಯಾರ ಕೈಯೂ ಬರಲ್ಲ" ಎಂದ ಗಣೇಶಮೂರ್ತಿ.

"ಕೊಡ್ತೀನಿ. ನೀನು ಮೊದ್ಲು ಓಡು" ಎಂದ ಅಂಜನಪ್ಪ.

ಬಸ್ಸು ಹೊರಟಾಗ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ವಾದಿಸುತ್ತಿದ್ದರು. ನಾಯಕ ಯಾರೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು, ಅಂಜನಪ್ಪನಾದ. ಸಾಗರದವರು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದರು, ಅಷ್ಟೇ.

ಆ ವರ್ಷ ನಾವು ಅಂತಿಮ ಪಂದ್ಯದಲ್ಲಿ ಭದ್ರಾವತಿಗೆ ಒಂದು ಬುಟ್ಟಿಯಿಂದ ಸೋತೆವು. ಮರು ವರ್ಷ ಅದೇ ಐವರು ಅವರನ್ನು ಸೋಲಿಸಿದರು; ಅದರ ಮುಂದಿನ ವರ್ಷವೂ. ಜಿಲ್ಲೆಯಲ್ಲಿ ಈಗಲೂ ಹಳಬರು ಗೆದ್ದ ತಂಡವನ್ನು ನೆನೆಯುತ್ತಾರೆ. ಹೂವಪ್ಪನು ಮಾತ್ರ ಸೋತ ವರ್ಷದ ತಂಡವೇ ಹೆಚ್ಚಿನದೆಂದು ವಾದಿಸುತ್ತಾನೆ. "ಗೆದ್ದೋರು ಒಂದು ವರ್ಷ ಜೊತೆಗೆ ಆಡಿದೋರು. ಸೋತೋರು ಜೊತೆಗೆ ಆಡಿದ್ದು ಮಂಡಗದ್ದೆಯಿಂದ ಈಚೆಗೆ ಮಾತ್ರ. ಯಾವುದು ದೊಡ್ಡದು, ನೀವೇ ಹೇಳಿ" ಎನ್ನುತ್ತಾನೆ.

ಈಗ ಅವನಿಗೆ ಅರವತ್ತು ದಾಟಿದೆ. ಬಸ್ಸಿನ ಕೆಲಸ ಬಿಟ್ಟು, ಹೊಸನಗರದ ಮಗಳ ಮನೆಯಲ್ಲಿದ್ದಾನೆ. ಕಳೆದ ವರ್ಷದಿಂದ ಅವನು ಹೊಸದೊಂದು ಹಟ ಹಿಡಿದಿದ್ದಾನೆ: ಮೂರು ತಾಲೂಕುಗಳ ಹೆಣ್ಣುಮಕ್ಕಳ ತಂಡ. ತಂದೆತಾಯಿಯರನ್ನು ತಾನೇ ಒಪ್ಪಿಸಿ, ಭಾನುವಾರಗಳಂದು ಹುಡುಗಿಯರನ್ನು ಇಲ್ಲಿಯ ಬಯಲಿಗೆ ಕರೆಸುತ್ತಾನೆ. ಮೊನ್ನೆ ನಾನು ಹೋದಾಗ ಸಾಗರದ ಮೂಕಾಂಬಿಕಾಳ ತಂದೆ ಬೇಲಿಯ ಬಳಿ ನಿಂತು, "ತೀರ್ಥಹಳ್ಳಿ ಹುಡುಗಿಗಿಂತ ನಮ್ಮವಳು ಹೇಗೆ ಹೂವಪ್ಪ?" ಎಂದು ಕೇಳುತ್ತಿದ್ದರು.

"ಇಬ್ರನ್ನೂ ಇವತ್ತಷ್ಟೇ ಒಂದು ಕಡೆಗೆ ಹಾಕಿದೀನಿ. ಸ್ವಲ್ಪ ಸುಮ್ನಿರಿ, ಭಟ್ರೇ" ಎಂದು ಹೇಳಿ, ಕಣ್ಣನ್ನು ಆಟದಿಂದ ತೆಗೆಯದೆ ಹೂವಪ್ಪನು ಅವರಿಗೆ ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟ.