ಅಳಿಸಿದರೂ ವಾಪಸ್ ಬರುತ್ತಿದ್ದ ನಂಬರುಗಳು

ಗಂಡನ ಮನೆ ಬಿಟ್ಟು ಬಂದ ವಾರ ನಾನು ಮಾಡಿದ ಮೊದಲ ಕೆಲಸ ಅಂದರೆ ಅವನ ಕಡೆಯವರ ನಂಬರುಗಳನ್ನು ನನ್ನ ಫೋನಿನಿಂದ ಕಿತ್ತು ಹಾಕಿದ್ದು. ಅವನ ಅಕ್ಕ, ಅಕ್ಕನ ಗಂಡ, ಚಿಕ್ಕಪ್ಪ, ಟೈರ್ ಅಂಗಡಿ, ಪಂಕ್ಚರ್ ಅಂಗಡಿ, ಟೊಮೇಟೊ ಮಂಡಿಯ ಹತ್ತು ಜನ. ಕೋಲಾರದಲ್ಲಿ ಅವನದು ಟೆಂಪೊ ಓಡಿಸುವ ಕೆಲಸ. ಮದುವೆಯಾದ ಹೊಸದರಲ್ಲಿ ನನಗೊಂದು ಫೋನು ಕೊಡಿಸಿ, "ನಿಂಗೆ ಇದೆಲ್ಲಾ ಗೊತ್ತಾಗಲ್ಲ, ಕೊಡಿಲ್ಲಿ" ಅಂತ ಕಿತ್ತುಕೊಂಡು, ತಾನೇ ಏನೇನೋ ಒತ್ತಿ ಕೊಟ್ಟಿದ್ದ. ಡಬ್ಬಿಯಿಂದ ಈಗ ತಾನೇ ತೆಗೆದ ಫೋನಿನಲ್ಲಿ ಅವನ ಬಳಗವೆಲ್ಲಾ ಆಗಲೇ ಬಂದು ಕೂತಿತ್ತು. ನನಗೆ ಅನುಕೂಲವಾಗಲಿ ಅಂತ ಹಾಕಿಕೊಟ್ಟಿದ್ದಾನೆ ಅಂದುಕೊಂಡೆ. ಅವನು ಏನು ಮಾಡಿದರೂ ನನ್ನ ಅನುಕೂಲಕ್ಕೇ ಅಂದುಕೊಳ್ಳುವಷ್ಟು ಪೆದ್ದಿಯಾಗಿದ್ದೆ ಆಗ.

ಅವನು ಕೈ ಮಾಡಿದ ಮೇಲೆ ಆ ಪೆದ್ದುತನ ಹೋಯಿತು. ಎರಡನೇ ಸಲ ಕೈ ಎತ್ತಿದ ದಿನ ಬಸ್ಸು ಹತ್ತಿ ಅಣ್ಣನ ಮನೆಗೆ ಬಂದೆ. ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೋಗುವಾಗ ಸಿಗುವ ಊರು ನಮ್ಮದು. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಮ್ಮಮ್ಮ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಅಲ್ಲಿಗೆ ಐದನೆಯವಳಾಗಿ, ಇಲ್ಲ, ಆರನೆಯವಳಾಗಿ ನಾನು ಸೇರಿಕೊಂಡೆ.

ಅಳಿಸಿದ ನಂಬರುಗಳು ಮೂರನೇ ದಿನ ವಾಪಸ್ ಬಂದಿದ್ದವು. ಹಲ್ಲು ಕಚ್ಚಿ ಮತ್ತೆ ಅಳಿಸಿದೆ. ಮತ್ತೆ ಬಂದವು. ಕಿತ್ತಷ್ಟೂ ಚಿಗುರುವ ಗರಿಕೆ ಹಾಗೆ. ಅವನ ಮನೆಯವರ ಹಾಗೇ ಅವರ ನಂಬರಿಗೂ ಮಾನ ಮರ್ಯಾದೆ ಇಲ್ಲ ಅಂತ ಬೈದುಕೊಂಡು, ಫೋನು ಕೆಟ್ಟಿದೆ ಅಂದುಕೊಂಡು ಸುಮ್ಮನಾದೆ.

ನನ್ನ ಸಿಟ್ಟೆಲ್ಲಾ ಆಗ ಬೇರೆ ಕಡೆಗಿತ್ತು. ನನಗೆ ಬೇಕಾಗಿದ್ದದ್ದು ಒಂದೇ: ಅವನ ಕೈಗೆ ಸಿಗದ ಊರಿನಲ್ಲಿ ಒಂದು ಕೆಲಸ, ಒಂದು ರೂಮು. ಅಣ್ಣನ ಮನೆಯಲ್ಲಿ ಎಷ್ಟು ದಿನ ಅಂತ ತಟ್ಟೆ ಹಾಕಿಕೊಂಡು ಕೂರುವುದು? ಮೊದಲು ಮುಳಬಾಗಿಲಿನ ಒಬ್ಬ ಲಾಯರಮ್ಮನನ್ನು ಕಂಡು ಬಂದೆ. ಎರಡೇ ದಿನಕ್ಕೆ ಅವನು ಆಕೆಗೆ ಫೋನ್ ಮಾಡಿ, "ಸಂಸಾರ ಒಡೆಯೋದೇ ನಿಮ್ ಕಸುಬಾ?" ಅಂತ ಕೇಳಿದ್ದ. ಆಮೇಲೆ ಮಾಲೂರಿನ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸ ಇದೆ ಅಂತ ಗೊತ್ತಾಯಿತು. ಅಲ್ಲಿಯ ಸೂಪರ್‌ವೈಸರ್ ಮೇಡಮ್ಮು ಸೋಮವಾರ ಬಾ ಅಂದಿದ್ದವಳು ಶನಿವಾರವೇ ಫೋನ್ ಮಾಡಿದಳು. "ನಿಮ್ ಯಜಮಾನ್ರು ಮಾತಾಡಿದ್ರು. ಮೊದ್ಲು ಮನೆ ಜಗಳ ಮುಗಿಸ್ಕೊಂಡು ಬಾಮ್ಮ." ಮಾಲೂರಿನಲ್ಲೇ ರೂಮು ಕೊಡುತ್ತೇನೆ ಅಂದಿದ್ದ ಹೆಂಗಸೂ ಅಷ್ಟೇ. "ನಮಗ್ಯಾಕಮ್ಮ ಇನ್ನೊಬ್ರ ಮನೆ ತಂಟೆ" ಅಂದು ಫೋನ್ ಇಟ್ಟಳು.

ನಾನು ಅವನ ನಂಬರನ್ನು ಬ್ಲಾಕ್ ಮಾಡಿ ತಿಂಗಳಾಗಿತ್ತು. ನಾನು ಎಲ್ಲಿಗೆ ಹೋಗುತ್ತೇನೆ, ಯಾರ ಹತ್ತಿರ ಮಾತಾಡುತ್ತೇನೆ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಯಾರೋ ಬಾಯಿ ಬಿಡುತ್ತಿದ್ದಾರೆ. ಯಾರು ಅಂತ ನಾನು ಬಹಳ ಯೋಚಿಸಲಿಲ್ಲ.

ಈ ಸಂಬಂಧ ತಂದಿದ್ದೇ ಅತ್ತಿಗೆ. ಅವಳ ತವರು ಆಂಧ್ರದ ಗಡಿಯಾಚೆ, ಅವನು ಅವಳಿಗೆ ದೂರದ ನೆಂಟ. "ಹುಡ್ಗ ಬಂಗಾರ" ಅಂದಿದ್ದ ಬಾಯಿ ಅದು. ಫ್ಯಾಕ್ಟರಿಯ ಸುದ್ದಿ ತಂದವಳೂ ಅವಳೇ, ಲಾಯರ್ ಹತ್ತಿರ ನನ್ನ ಜೊತೆ ಬಂದವಳೂ ಅವಳೇ. ತವರಿನವರ ಜೊತೆ ಫೋನಿನಲ್ಲಿ ತೆಲುಗಿನಲ್ಲಿ ಮಾತಾಡುವಾಗ ಹುಳುವಿನ ಮನೆಯ ಹಿಂದಕ್ಕೆ ಹೋಗುತ್ತಿದ್ದಳು. ನಾನು ಹತ್ತಿರ ಹೋದರೆ ದನಿ ಇಳಿಸುತ್ತಿದ್ದಳು. ನನಗೆ ಇನ್ನೇನು ಬೇಕಿತ್ತು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ.

ಒಂದು ಶುಕ್ರವಾರ ಬೆಳಿಗ್ಗೆ ಅವಳು ಸೊಪ್ಪಿನ ಕುಕ್ಕೆ ಇಳಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಅತ್ಗೆ, ಅವ್ನಿಗೆ ನನ್ ಸುದ್ದಿ ಎಲ್ಲಾ ನೀನೇ ತಾನೇ ಮುಟ್ಟಿಸ್ತಿರೋದು?"

"ಯಾರ್ಗೆ?"

"ಯಾರ್ಗೆ ಅಂತೆ. ನೀನು ತಂದ ಬಂಗಾರಕ್ಕೆ."

ಅವಳು ಕುಕ್ಕೆಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ನಂಗೆ ಇಬ್ರು ಮಕ್ಳವ್ರೆ ಕಣೇ. ಅಂಥಾ ಕೆಲ್ಸ ಮಾಡಿದ್ರೆ ಆ ಮಕ್ಳು ಉಳಿತಾವಾ?"

"ಹಂಗಾದ್ರೆ ಆ ಮಕ್ಳ ಮೇಲೇ ಕರ್ಪೂರ ಆರ್ಸು."

ಹೊತ್ತಿಸಿದ ಕರ್ಪೂರವನ್ನು ದೇವರ ಮುಂದೆ ಕೈಯಿಂದ ಆರಿಸಿ ಆಣೆ ಮಾಡುವುದು ನಮ್ಮ ಕಡೆ ಕೊನೆಯ ಮಾತು. ಜಮೀನಿನ ಜಗಳಕ್ಕೂ ಅದನ್ನು ಕೇಳಲು ಜನ ಹೆದರುತ್ತಾರೆ. ಮಕ್ಕಳ ಹೆಸರು ಹಿಡಿದು ಕೇಳುವುದಂತೂ ಯಾರೂ ಮಾಡದ ಕೆಲಸ. ನಾನು ಕೇಳಿದೆ. ಅಮ್ಮ ಬಾಗಿಲಲ್ಲಿ ನಿಂತು "ಬ್ಯಾಡ ಕಣಮ್ಮ, ಬ್ಯಾಡ" ಅನ್ನುತ್ತಲೇ ಇದ್ದಳು. ಅಣ್ಣ ತೋಟದಲ್ಲಿದ್ದ.

ಅತ್ತಿಗೆ ಕೈ ಕಾಲು ತೊಳೆದು ಬಂದು ತಾನೇ ಕರ್ಪೂರ ಹಚ್ಚಿದಳು. ಬಿಲ್ಲೆ ಚೆನ್ನಾಗಿ ಹೊತ್ತಿಕೊಳ್ಳುವವರೆಗೆ ಕಾದಳು. ಮಕ್ಕಳಿಬ್ಬರ ಹೆಸರು ಹೇಳಿ ಅಂಗೈಯನ್ನು ಉರಿಯ ಮೇಲೆ ಒತ್ತಿದಳು. ಆರಿದ ಮೇಲೂ ಕೈ ತೆಗೆಯಲಿಲ್ಲ. ನಾನು ನೋಡಲಿ ಅಂತಲೇ ಹಾಗೆ ಮಾಡಿದಳು. ನಾನೂ ಕಣ್ಣು ತೆಗೆಯದೆ ನೋಡಿದೆ.

ಹುಳು ಆಗ ಪೊರೆ ಬಿಡುವ ನಾಲ್ಕನೇ ಜ್ವರ ಮುಗಿಸಿ ಎದ್ದಿತ್ತು. ಗೂಡು ಕಟ್ಟುವ ಮುಂಚಿನ ಆ ವಾರದಲ್ಲಿ ಅದಕ್ಕೆ ಹೊತ್ತು ಹೊತ್ತಿಗೂ ಸೊಪ್ಪು ಬೇಕು, ಎಷ್ಟು ಹಾಕಿದರೂ ಸಾಲದು. ಅತ್ತಿಗೆಯ ಅಂಗೈಯಲ್ಲಿ ಬೊಬ್ಬೆ ಎದ್ದು ಕುಡುಗೋಲು ಹಿಡಿಯಲು ಆಗಲಿಲ್ಲ. ಸೊಪ್ಪು ಕೊಯ್ದು ಹೊತ್ತು ತಂದವಳು ನಾನು. ಒಂದೊಂದು ಹೊರೆ ಇಳಿಸುವಾಗಲೂ ನಾಟಕ ಚೆನ್ನಾಗಿ ಆಡಿದಳು ಅಂತಲೇ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಆಣೆಯಿಂದ ನನಗೆ ಎಳ್ಳಷ್ಟೂ ನಂಬಿಕೆ ಬರಲಿಲ್ಲ.

ಆಮೇಲೆ ನಾನು ಯಾರಿಗೂ ಏನೂ ಹೇಳುವುದನ್ನು ಬಿಟ್ಟೆ. ನನ್ನ ಜೊತೆ ಓದಿದವಳೊಬ್ಬಳು ಮಾಲೂರಿನ ಇನ್ನೊಂದು ಮನೆಯ ನಂಬರು ಕೊಟ್ಟಳು. ಅದನ್ನು ಅಮ್ಮನಿಗೂ ಹೇಳಲಿಲ್ಲ. ಅವನು ಅವರಿಗೂ ಫೋನ್ ಮಾಡಿದ. ಬುದ್ಧಿ ಇದ್ದವಳಾದರೆ ಅಲ್ಲಿಗೇ ಅತ್ತಿಗೆಯ ಮೇಲಿನ ಅನುಮಾನ ಬಿಡಬೇಕಿತ್ತು. ನಾನು ಸ್ನಾನಕ್ಕೆ ಹೋದಾಗ ಅವಳು ಫೋನು ತೆಗೆದು ನೋಡುತ್ತಾಳೆ ಅಂತ ತೀರ್ಮಾನ ಮಾಡಿ, ಸ್ನಾನಕ್ಕೂ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗತೊಡಗಿದೆ. ಅತ್ತಿಗೆ ಅದನ್ನು ನೋಡಿದಳು. ನೋಡಲಿ ಅಂತಲೇ ಇತ್ತು ನನಗೆ.

ಆ ವಾರ ಅವನ ಅಕ್ಕನ ನಂಬರನ್ನು ಐದನೆಯ ಸಲವೋ ಆರನೆಯ ಸಲವೋ ಅಳಿಸಿದ್ದೆ. ಮರುದಿನ ಅದು ಮತ್ತೆ ಬಂದಿತ್ತು. ರೇಗಿಹೋಗಿ ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ಅಂಗಡಿಗೆ ಹೋಗಿ, "ಈ ದರಿದ್ರ ಫೋನಲ್ಲಿ ಅಳಿಸಿದ್ದು ಅಳಿಯಲ್ಲ, ನೋಡಿ" ಅಂದೆ. ಕೌಂಟರಿನಲ್ಲಿದ್ದ ಹೆಂಗಸು ಫೋನನ್ನು ಎರಡು ಕಡೆ ಒತ್ತಿ ನನ್ನ ಕಡೆ ತಿರುಗಿಸಿದಳು.

"ಈ ಮೇಲ್ ಐಡಿ ಯಾರ್ದಕ್ಕಾ?"

ಅವನ ಹೆಸರು. ಹಿಂದೆ ಅವನ ಟೆಂಪೊ ನಂಬರು.

"ನಿಮ್ದೂ ಅವ್ರ್ದೂ ಒಂದೇ ಅಕೌಂಟು. ನೀವು ಇಲ್ಲಿ ಸೇವ್ ಮಾಡಿದ್ದೆಲ್ಲಾ ಅವ್ರ ಫೋನಲ್ಲಿ ಕಾಣ್ಸತ್ತೆ. ನೀವು ಅಳಿಸಿದ್ರೆ ಅಲ್ಲೂ ಅಳಿಯತ್ತೆ. ಕಸದ ಬುಟ್ಟೀಲಿ ಒಂದ್ ತಿಂಗ್ಳು ಇರತ್ತೆ ನೋಡಿ, ಅವ್ರು ಅದ್ರಿಂದ ವಾಪಸ್ ಹಾಕ್ಕೊಂಡಿದಾರೆ. ಅದು ನಿಮ್ಗೂ ವಾಪಸ್ ಬಂದಿದೆ."

ಹೆಸರಿನ ಜೊತೆ ಊರು, ಕೆಲಸ ಎಲ್ಲಾ ಸೇರಿಸಿ ಬರೆಯುವುದು ನನ್ನ ಅಭ್ಯಾಸ. 'ಮುಳಬಾಗಿಲು ಲಾಯರಮ್ಮ ಡೈವೋರ್ಸ್.' 'ಮಾಲೂರು ಫ್ಯಾಕ್ಟರಿ ಮೇಡಮ್ಮು.' 'ಮಾಲೂರು ರೂಮ್ ಓನರ್.' ಅವನು ಗೂಢಚಾರನನ್ನು ಇಡಬೇಕಾದ ಕಷ್ಟವೇ ಇರಲಿಲ್ಲ. ನಾನೇ ದಿನಾ ಬರೆದು ಕಳಿಸುತ್ತಿದ್ದೆ, ಅವನು ಟೆಂಪೊದಲ್ಲಿ ಕಾಲು ಚಾಚಿ ಕೂತು ಓದುತ್ತಿದ್ದ.

"ನಿಮ್ಗೆ ಹೊಸ ಅಕೌಂಟ್ ಮಾಡಿ ನಿಮ್ ನಂಬರ್ ಮಾತ್ರ ಅದಕ್ಕೆ ಹಾಕ್ತೀನಿ" ಅಂದಳು ಅಂಗಡಿಯವಳು. ನನಗೆ ಬೇಕಾದವನ್ನು ಒಂದೊಂದಾಗಿ ತೋರಿಸಿದೆ. ಮೂವತ್ತೂ ಇರಲಿಲ್ಲ. ಅಷ್ಟರಲ್ಲಿ ಫೋನೇ ಏನೋ ಕೇಳಿತು. ಒಂದೇ ನಂಬರು ಎರಡು ಹೆಸರಿನಲ್ಲಿದೆ, ಸೇರಿಸಿ ಒಂದು ಮಾಡಲೇ ಅಂತ.

"ಇವೆರಡೂ ಒಬ್ರೇನಾ?" ಅಂತ ಅವಳು ತೋರಿಸಿದಳು.

ಒಂದು ನಾನು ಬರೆದದ್ದು, 'ಅತ್ತಿಗೆ'. ಇನ್ನೊಂದು ಅವನು ಬರೆದದ್ದು, 'ಎತ್ತಬಾರ್ದು'.

ಅರ್ಥವಾಗಲು ನನಗೆ ಹೊತ್ತು ಹಿಡಿಯಲಿಲ್ಲ. ಬಾಯಿ ಬಿಡುವ ಹೆಂಗಸಿನ ನಂಬರಿಗೆ ಯಾವ ಗಂಡಸೂ ಅಂಥ ಹೆಸರು ಇಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಎಷ್ಟು ಸಲ ಬೇರೆಯವರನ್ನು ಆಡಿಕೊಂಡಿದ್ದೇನೆ. ಆ ಬರೆ ನಾನು ನನ್ನ ಕಣ್ಣೆದುರಿಗೇ ಹಾಕಿಸಿದ್ದೆ.

ನಾಚಿಕೆ ಆಯಿತು, ಆದರೆ ಮೊದಲು ಬಂದದ್ದು ಸಿಟ್ಟು. ನನ್ನವು ಹೊಸ ಅಕೌಂಟಿಗೆ ಹೋದ ಮೇಲೆ, ಹಳೆಯದರಲ್ಲಿ ಇರುವುದೆಲ್ಲಾ ತೆಗೆದುಬಿಡಿ ಅಂದೆ.

"ಎಲ್ಲಾನೂ? ಅವ್ರ ಅಮ್ಮನ ನಂಬರೂ ಇರತ್ತೆ ಅದ್ರಲ್ಲಿ, ವ್ಯಾಪಾರದ್ದೂ ಇರತ್ತೆ."

"ಇರ್ಲಿ."

"ನಾನು ಒತ್ತಲ್ಲಕ್ಕಾ. ನೀವೇ ಒತ್ತಿ."

ಒತ್ತಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ಆ ಅಕೌಂಟನ್ನೇ ಫೋನಿನಿಂದ ತೆಗೆಸಿದೆ. ತಿಳಿದವರು ಅದನ್ನೂ ಹೇಗೋ ವಾಪಸ್ ತರುತ್ತಾರಂತೆ. ತಂದುಕೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ. ತಪ್ಪು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ಮನೆಗೆ ಬಂದಾಗ ಅತ್ತಿಗೆ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದಳು. ಎಡಗೈಯಲ್ಲೇ ಮಾಡುತ್ತಿದ್ದಳು. ಎದುರಿಗೆ ಕೂತು ಅಂಗಡಿಯಲ್ಲಿ ಆದದ್ದನ್ನೆಲ್ಲಾ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಅವ್ನಿಗೆ ನೀನು ಎಷ್ಟು ಸಲ ಫೋನ್ ಮಾಡಿದ್ದೆ ಅತ್ಗೆ?"

"ಅವ್ನು ಎತ್ತೋದು ನಿಲ್ಸೋಗಂಟ."

"ಏನಂದೆ?"

"ಬಾಯಿಗೆ ಬಂದಂಗೆ ಬೈದೆ. ನಾನು ತಾನೇ ತಂದಿದ್ದು ಆ ಸಂಬಂಧಾನ."

"ನಂಗೆ ಒಂದ್ ಮಾತು ಹೇಳ್ಬೋದಿತ್ತಲ್ಲ."

"ಅವ್ನ ಹತ್ರ ಮಾತಾಡ್ದೆ ಅಂತ ನಾನು ಹೇಳಿದ್ರೆ ನೀನು ಏನಂತಿದ್ದೆ? ಹೇಳು."

ಅವಳು ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಚಂದ್ರಿಕೆಗೆ ಬಿಟ್ಟಳು. "ಯಾವ್ದೋ ಅಂಗ್ಡಿಯವ್ಳು ಹೇಳಿದ್ಲು, ನಂಬ್ಕೊಂಡು ಬಂದೆ. ನಾನು ನನ್ ಮಕ್ಳ ಹೆಸ್ರು ಹೇಳ್ದಾಗ ನಂಬ್ಲಿಲ್ಲ. ಏಳು, ಬೆಳಕಿಗೆ ಅಡ್ಡ ಕೂತಿದ್ದೀಯ."

ಎದ್ದೆ. ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬಂದಿತ್ತು. ಅವಳ ಆ ದನಿ ಕೇಳಿ ಸೆಟೆದುಕೊಂಡೆ. ಹೇಳಲಿಲ್ಲ.

ಈಗ ಮಾಲೂರಿನಲ್ಲಿದ್ದೇನೆ. ಅವನಿಗೆ ಗೊತ್ತಿಲ್ಲದ ಬೇರೆ ಫ್ಯಾಕ್ಟರಿಯಲ್ಲಿ ಕೆಲಸ, ಒಂದು ರೂಮು, ನನ್ನದೇ ಅಕೌಂಟು. ಇಲ್ಲಿ ಯಾರಿಗೂ ಅವನಿಂದ ಫೋನ್ ಬಂದಿಲ್ಲ. ಅಮ್ಮನಿಗೆ ಬೇರೆ ಫೋನಿಲ್ಲ. ಭಾನುವಾರ ಅತ್ತಿಗೆಯ ನಂಬರಿಗೇ ಮಾಡಬೇಕು. ಅವಳು ಎತ್ತುತ್ತಾಳೆ. ಹಲೋ ಅನ್ನುವುದಿಲ್ಲ, ಬೈಯುವುದೂ ಇಲ್ಲ. ಬಳೆ ಸದ್ದು ಕೇಳುತ್ತದೆ, ಆಮೇಲೆ ಅಮ್ಮನ ದನಿ. ಎರಡು ವರ್ಷದಿಂದ ಹೀಗೆ. ನಾನು ಮಾಡಿದ್ದಕ್ಕೆ ಇದು ಕಡಿಮೆಯೇ ಅಂತ ಗೊತ್ತು. ಗೊತ್ತಿದ್ದರೂ ಪ್ರತಿ ಭಾನುವಾರ ಅವಳ ಮೇಲೆ ಮೈಯೆಲ್ಲಾ ಉರಿಯುತ್ತದೆ. ಎಷ್ಟು ಬಿಗುಮಾನ ಇವಳಿಗೆ ಅನ್ನಿಸುತ್ತದೆ.

ಹೋದ ತಿಂಗಳು ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿ ಫೋನ್ ಮಾಡಿದೆ. ರಿಂಗ್ ನಿಂತ ಕೂಡಲೇ, ಅವಳಿಗೆ ಬಿಡುವೇ ಕೊಡದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ. "ಅತ್ಗೆ, ತಪ್ಪಾಯ್ತು. ಮಕ್ಳ ಮೇಲೆ ಆಣೆ ಕೇಳ್ಬಾರ್ದಿತ್ತು ನಾನು. ನನ್ನ ಕ್ಷಮಿಸ್ಬುಡು."

ಅವತ್ತು ಬಳೆ ಸದ್ದೇ ಕೇಳಿರಲಿಲ್ಲ.

"ನಂಗ್ಯಾಕೆ ಹೇಳ್ತೀಯಮ್ಮ ಅದನ್ನ?" ಅಂದಳು ಅಮ್ಮ.