ಹಾಲ್‌ಸ್ಟೈನರ ಮೇಜಿನ ಮೇಲೆ ಎರಡು ಕೇಪಿನ ಪೆಟ್ಟಿಗೆ

ನಾರ್ವೆಯ ಗ್ಲೊಮ್ಮಾ ನದಿಯ ದಂಡೆಯ ಮರದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗರಗಸಗಳ ಹಲ್ಲು ತೀಡಿ ನಿವೃತ್ತರಾದ ಹಾಲ್‌ಸ್ಟೈನರಿಗೆ ಆಗ ಎಪ್ಪತ್ತನಾಲ್ಕು. ಅವರು ತೀಡಿದ ಅಲಗು ಒಂದು ದಿನವೂ ಓರೆಯಾಗಿ ಕೊಯ್ದದ್ದಿಲ್ಲ ಎಂದು ಮಿಲ್ಲಿನವರು ಹೊಗಳಿದರೆ ಅವರು ಒಡನೆಯೇ ತಿದ್ದುತ್ತಿದ್ದರು: "ಎರಡು ಸಲ ಕೊಯ್ದಿದೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಒಂದು, ಎಂಬತ್ತಾರರಲ್ಲಿ ಒಂದು."

ಅದೇ ಕಣ್ಣು, ಅದೇ ಕೈ ತೋಟಾ ತುಂಬುವುದಕ್ಕೂ ಬಂದಿತ್ತು. ಎಲ್ಗ್ ಎಂಬ ಕುದುರೆಗಾತ್ರದ ಕಾಡುಜಿಂಕೆಯ ಬೇಟೆಗೆ ಅವರು ಅಂಗಡಿಯ ತೋಟಾವನ್ನು ಎಂದೂ ನೆಚ್ಚಿದವರಲ್ಲ. ಹಾರಿಸಿದ ಹಿತ್ತಾಳೆಯ ಚಿಪ್ಪನ್ನು ತೊಳೆದು, ಅಳತೆಗೆ ಒತ್ತಿ, ಬುಡಕ್ಕೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಕೂರಿಸುವುದು ಪ್ರತಿ ಆಗಸ್ಟಿನ ಕೆಲಸ. ತಮಗೊಂದಿಷ್ಟು, ತಂಗಿಯ ಮಗಳು ಗುನ್ವೋರ್‌ಗೆ ಅರವತ್ತು. ಅವಳ ಕೈಯಲ್ಲಿರುವ ಕೋವಿ ಅವರದೇ ಹಳೆಯದು.

ಮದ್ದಿನ ವಿಷಯ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ, ಕೇಪಿನ ವಿಷಯ ಒಬ್ಬನೂ ಕೇಳುವುದಿಲ್ಲ ಎಂಬುದು ಹಾಲ್‌ಸ್ಟೈನರ ಹಳೆಯ ಸಿಟ್ಟು. ಕೇಪೆಂದರೆ ಮಸೂರದ ಕಾಳಿನಷ್ಟು ಲೋಹದ ಬಟ್ಟಲು. ಕೋವಿಯ ಸೂಜಿ ಬಡಿದಾಗ ಮದ್ದಿಗೆ ಕಿಡಿ ಕೊಡುವುದು ಅದು. ರೈಫಲಿನ ದೊಡ್ಡ ಕೇಪಿನಲ್ಲೇ ಎರಡು ಬಗೆ: ಸಾಧಾರಣ, ಮತ್ತು ಹೆಚ್ಚು ಬಿಸಿಯಾಗಿ, ಹೆಚ್ಚು ಹೊತ್ತು ಉರಿಯುವ ಬಿರುಸಿನದು. ಅವರು ಕೊಳ್ಳುವ ತಯಾರಕನಲ್ಲಿ ಎರಡಕ್ಕೂ ಬಣ್ಣ ಒಂದೇ, ಗಾತ್ರವೂ ಒಂದೇ. ಸಾಧಾರಣ ಕೇಪಿಗೆಂದು ತೂಗಿದ ಮದ್ದಿನ ಕೆಳಗೆ ಬಿರುಸಿನದನ್ನು ಕೂರಿಸಿದರೆ ಕೋವಿಯೊಳಗಿನ ಒತ್ತಡ ಏರುತ್ತದೆ. ಎಷ್ಟು ಏರುತ್ತದೆ ಎಂಬುದನ್ನು ಅಳೆದೇ ಹೇಳಬೇಕು.

ಆ ವರ್ಷ ಸಾಧಾರಣ ಕೇಪು ಎಲ್ಲಿಯೂ ಸಿಗಲಿಲ್ಲ. ಮನೆಯಲ್ಲಿ ಉಳಿದಿದ್ದ ನೂರರ ಒಂದೇ ಪೆಟ್ಟಿಗೆಯನ್ನು, ತಮಗೆ ಹೋದ ವರ್ಷದ ತೋಟಾ ಸಾಕೆಂದು, ಗುನ್ವೋರ್‌ಗೆ ಮೀಸಲಿಟ್ಟಿದ್ದರು. ಅಂಗಡಿಯವನು ಬಿರುಸಿನ ಪೆಟ್ಟಿಗೆಯನ್ನು ಮುಂದೆ ತಳ್ಳಿದ. "ಇದನ್ನೇ ತಗೊಳ್ಳಿ. ಕೇಪು ಅಂದ್ರೆ ಕೇಪು, ಎಲ್ಲಾ ಒಂದೇ."

"ಹಾಗಾದ್ರೆ ಆ ಬೂಟುಗಳಿಗೆ ಯಾಕಪ್ಪ ನಂಬರು ಹಾಕಿ ಇಟ್ಟಿದ್ದೀಯ?" ಎಂದರು ಹಾಲ್‌ಸ್ಟೈನರು. ಆದರೂ ನೂರರ ಒಂದು ಪೆಟ್ಟಿಗೆ ಕೊಂಡರು. ಮುಂದಿನ ವರ್ಷಕ್ಕೆ ಬೇಕಾದೀತು, ಮದ್ದು ಕಡಿಮೆ ಮಾಡಿ ಆರು ತೋಟಾ ಪರೀಕ್ಷಿಸಿ ನೋಡೋಣವೆಂದು.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಎಂಬುದು ಅವರೇ ಗೋಡೆಗೆ ಬರೆದು ಅಂಟಿಸಿದ್ದ ನಿಯಮ. ಆ ಆಗಸ್ಟಿನಲ್ಲಿ ಗುನ್ವೋರ್‌ಳ ಅರವತ್ತು, ಪರೀಕ್ಷೆಯ ಆರು ಒಟ್ಟಿಗೇ ತುಂಬುವಾಗ ಎರಡು ಪೆಟ್ಟಿಗೆ ತೆರೆದಿದ್ದವು. ಬೆರಳ ತುದಿಗಳು ಸೋತಿದ್ದವು, ಏಳುವುದು ಕೂರುವುದು ಬೇಡವೆನಿಸಿತ್ತು, ಹೆಂಡತಿ ಓಸ್ಲೌಗ್ ಕಾಫಿಗೆ ಕರೆದಿದ್ದರು.

ಸೆಪ್ಟೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನ, ಬೇಟೆಯ ಹಿಂದಿನ ದಿನ, ಕಪಾಟು ಜೋಡಿಸುವಾಗ ಅವರು ಕೇಪುಗಳನ್ನು ಎಣಿಸಿದರು. ಸಾಧಾರಣ ಪೆಟ್ಟಿಗೆಯಲ್ಲಿ ನಲವತ್ತು ಉಳಿದಿರಬೇಕಿತ್ತು, ನಲವತ್ನಾಲ್ಕು ಇದ್ದವು. ಬಿರುಸಿನದರಲ್ಲಿ ತೊಂಬತ್ನಾಲ್ಕು ಇರಬೇಕಿತ್ತು, ತೊಂಬತ್ತು ಇದ್ದವು. ಮತ್ತೊಮ್ಮೆ ಎಣಿಸಿದರು. ಗುನ್ವೋರ್‌ಳ ಅರವತ್ತರಲ್ಲಿ ನಾಲ್ಕಕ್ಕೆ ತಪ್ಪು ಕೇಪು ಕೂತಿತ್ತು.

ಅವರನ್ನು ಚುಚ್ಚಿದ್ದು ಲೆಕ್ಕ ತಪ್ಪಿದ್ದಲ್ಲ. ಮೂರು ವಾರದ ಹಿಂದೆ, ಬೇಟೆಗೆ ಮುನ್ನ ಎಲ್ಲರೂ ಮಾಡಲೇಬೇಕಾದ ಮೂವತ್ತು ಅಭ್ಯಾಸದ ಗುಂಡು ಹಾರಿಸುವಾಗ, ಗುನ್ವೋರ್‌ಳ ಒಂದು ಗುಂಡು ನಾಲ್ಕು ಬೆರಳು ಮೇಲೆ ಹೋಗಿತ್ತು. "ಮಾಮ, ಇದು ಜೋರಾಗಿ ಒದೀತು. ಚಿಪ್ಪು ತೆಗೆಯೋಕೆ ಬೋಲ್ಟೂ ಬಿಗಿಯಾಗಿದೆ," ಎಂದಿದ್ದಳು. ಹಾಲ್‌ಸ್ಟೈನರು ನಾಲ್ಕು ಜನರೆದುರು, "ತೋಟಾ ಒದೆಯಲ್ಲ ಕಣೇ. ನೀನು ಕಣ್ಣು ಮುಚ್ಚಿ ಟ್ರಿಗರ್ ಎಳೀತಿದ್ದೀಯ," ಎಂದಿದ್ದರು. ಆಮೇಲಿನ ಬೇಟೆಗಾರರ ಗುರಿ ಪರೀಕ್ಷೆಯ ಐದು ಗುಂಡುಗಳಲ್ಲಿ ಅವಳು ಪಾಸಾದಳು. ಆದರೂ ಆ ಮಾತು ಅವಳೊಳಗೆ ನಾಟಿಕೊಂಡಿತು. ಈ ಸಲ ತಾನು ಕಾವಲು ಜಾಗದಲ್ಲಿ ಕೋವಿ ಹಿಡಿದು ನಿಲ್ಲುವುದಿಲ್ಲ, ನಾಯಿ ಹಿಡಿದುಕೊಂಡು ನಡೆಯುತ್ತೇನೆ ಎಂದು ಸಂಜೆ ಆರಕ್ಕೆ ಬೇಟೆ ತಂಡದ ಮುಖಂಡ ಓಡ್ವಾರ್‌ನಿಗೆ ಹೇಳುವವಳಿದ್ದಳು.

ಅವಳು ಮರಳಿಸಿದ್ದ ಮೂವತ್ತೈದು ಖಾಲಿ ಚಿಪ್ಪುಗಳು ಡಬ್ಬಿಯಲ್ಲಿದ್ದವು. ಹಾಲ್‌ಸ್ಟೈನರು ಭೂತಗನ್ನಡಿ ಹಿಡಿದು ಒಂದೊಂದರ ಬುಡ ನೋಡಿದರು. ಸರಿಯಾದ ಒತ್ತಡವಿದ್ದರೆ ಸಿಡಿದ ಕೇಪಿನ ಅಂಚು ದುಂಡಗೆ ಉಳಿಯುತ್ತದೆ, ಹೆಚ್ಚಾದರೆ ಚಪ್ಪಟೆಯಾಗುತ್ತದೆ. ಎರಡು ಚಪ್ಪಟೆಯಾಗಿದ್ದವು. ಮೂರನೆಯದು ಅನುಮಾನ. ಅಂದರೆ ಅವಳ ಬಳಿ ಉಳಿದ ಇಪ್ಪತ್ತೈದರಲ್ಲಿ ಇನ್ನೂ ಒಂದೋ ಎರಡೋ ಇವೆ.

"ಫೋನ್ ಮಾಡಿ ಹೇಳಿದ್ರೆ ಆಗಲ್ವಾ?" ಎಂದರು ಓಸ್ಲೌಗ್. "ಸೊಂಟ ಹಿಡ್ಕೊಂಡು ಅಲ್ಲೀವರೆಗೆ ಹೋಗ್ಬೇಕಾ?"

"ಬೈದದ್ದು ಎದುರಿಗೆ ನಿಂತು. ಫೋನಲ್ಲಲ್ಲ."

ಹೊಸದಾಗಿ ತುಂಬೋಣವೆಂದರೆ ಆ ನಲವತ್ನಾಲ್ಕು ಕೇಪುಗಳ ಮೇಲೂ ಈಗ ಭರವಸೆಯಿರಲಿಲ್ಲ. ಇತ್ತಣದು ಅತ್ತ ಬಿದ್ದಂತೆ ಅತ್ತಣದು ಇತ್ತ ಬಿದ್ದಿರಲಾರದೆಂದು ಯಾರು ಹೇಳಬಲ್ಲರು? ಹೋದ ವರ್ಷ ಹಳೆಯ ಪೆಟ್ಟಿಗೆಯಿಂದ ತುಂಬಿದ್ದ ತಮ್ಮ ಇಪ್ಪತ್ತು ತೋಟಾಗಳನ್ನು ಜೇಬಿಗಿಟ್ಟು ಕಾರು ಹತ್ತಿದರು. ಎರಡು ಕೋವಿಗೂ ಅಳತೆ ಒಂದೇ, ಮದ್ದಿನ ತೂಕವೂ ಒಂದೇ. ಆ ಇಪ್ಪತ್ತು ಬಿಟ್ಟರೆ ಅವರ ಬಳಿ ಬೇರೆ ಇರಲಿಲ್ಲ.

ಗುನ್ವೋರ್ ಅಂಗಳದಲ್ಲಿ ನಾಯಿಯ ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದಳು. ಹಾಲ್‌ಸ್ಟೈನರು ನಿಂತೇ ಹೇಳಿದರು. ಎಣಿಕೆ ಸಮೇತ ಹೇಳಿದರು. ಚಪ್ಪಟೆಯಾದ ಎರಡು ಚಿಪ್ಪನ್ನು ಅವಳ ಅಂಗೈಗೆ ಹಾಕಿದರು.

ಅವಳು ಅವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಅಂದ್ರೆ ನಾನು ಕಣ್ಣು ಮುಚ್ಚಿರ್ಲಿಲ್ಲ."

"ಇಲ್ಲ."

"ಮೂರು ವಾರದಿಂದ ಖಾಲಿ ಕೋವಿ ಹಿಡ್ಕೊಂಡು ಅಡುಗೆಮನೇಲಿ ಟ್ರಿಗರ್ ಎಳೀತಿದ್ದೀನಿ ಮಾಮ. ಗಂಡ ನನಗೆ ಹುಚ್ಚು ಅಂದ್ಕೊಂಡಿದ್ದಾನೆ."

"ನನ್ನ ಹೆಸರು ಹೇಳು."

"ಹೇಳದೆ ಬಿಡ್ತೀನಾ!" ಎಂದು ನಕ್ಕಳು, ಆಮೇಲೆ ನಗು ನಿಂತಿತು. "ಸಿಟ್ಟು ಬರ್ತಿದೆ ಕಣೋ ಮಾಮ."

"ಬರ್ಬೇಕು."

ಅವಳು ಒಳಗೆ ಹೋಗಿ ಇಪ್ಪತ್ತೈದನ್ನೂ ತಂದು ಕೊಟ್ಟಳು. ಅವರು ತಮ್ಮ ಇಪ್ಪತ್ತು ಕೊಟ್ಟರು. "ಬೆಳಕಿರುವಾಗಲೇ ಮೈದಾನಕ್ಕೆ ಹೋಗಿ ಎರಡು ಹಾರಿಸಿ ನೋಡು. ಆರಕ್ಕೆ ಓಡ್ವಾರ್ ಹತ್ರ ಸೇತುವೆ ಮೇಲಿನ ಕಾವಲು ಜಾಗ ಕೇಳು."

"ಅದು ನಿನ್ನ ಜಾಗ. ನಲವತ್ತೊಂದು ವರ್ಷದ್ದು."

"ನಲವತ್ತು. ಒಂದು ವರ್ಷ ಕಾಲು ಮುರಿದಿತ್ತು. ನಾಯಿ ನನಗೆ ಕೊಡು."

ಮುಂದಿನ ಮೂರು ದಿನ ಅವರು ನಾಯಿಯ ಹಿಂದೆ ಜೌಗಿನಲ್ಲಿ ಕಾಲೆಳೆದುಕೊಂಡು ನಡೆದರು. ಮೂರನೆಯ ದಿನ ಗುನ್ವೋರ್ ಸೇತುವೆಯ ಮೇಲಿನ ಜಾಗದಿಂದ ಒಂದೇ ಗುಂಡಿಗೆ ಎಲ್ಗ್ ಕೆಡವಿದಳು. ಚರ್ಮ ಸುಲಿಯುವ ಕೊಟ್ಟಿಗೆಯಲ್ಲಿ ಖಾಲಿ ಚಿಪ್ಪನ್ನು ಅವರಿಗೆ ಕೊಟ್ಟಳು. ಅವರು ಕನ್ನಡಕ ಹಣೆಗೇರಿಸಿ ಕೇಪು ನೋಡಿದರು. ಅಂಚು ದುಂಡಗಿತ್ತು.

"ಹಾಲ್‌ಸ್ಟೈನ್ ತುಂಬಿದ ತೋಟಾ! ಒಂದಾದ್ರೂ ಕೈಕೊಟ್ಟಿದೆಯಾ ಇವತ್ತಿನವರೆಗೆ?" ಎಂದ ಓಡ್ವಾರ್, ಕಾಫಿ ಬಗ್ಗಿಸುತ್ತ.

ಹಾಲ್‌ಸ್ಟೈನರು ಮರದ ದಿಮ್ಮಿಯ ಮೇಲೆ ಮೆಲ್ಲಗೆ ಕೂತು, ತೋಯ್ದ ಬೂಟಿನೊಳಗಿಂದ ಕಾಲು ಎಳೆದರು.

"ಕೊಟ್ಟಿದೆ. ಈ ವರ್ಷ. ಅರವತ್ತರಲ್ಲಿ ನಾಲ್ಕು. ಹುಡುಗಿ ಕಣ್ಣು ಮುಚ್ಚಿದ್ಲು ಅಂದೆನಲ್ಲ, ಅದೂ ಸುಳ್ಳು. ಎಲ್ಲರೂ ಕೇಳಿಸ್ಕೊಳ್ಳಿ."